ಯಕೃತ್ತಿನ ವ್ಯಾಧಿಗೆ ಎರಡನೆಯ ಚಿಕಿತ್ಸೆ: ಮೊದಲ ನಾಲ್ಕು ವಾರಗಳು

ನಾವು ಇದನ್ನು ಬರೆಯುತ್ತಿರುವ ದಿನಕ್ಕೆ 31 ಗುಳಿಗೆಗಳು ಮುಗಿದು 53 ಉಳಿದಿವೆ. ದಿನಕ್ಕೊಂದರಂತೆ 12 ವಾರಗಳಿಗೆ ಒಟ್ಟು 84. ಹೆಪಟೈಟಿಸ್ ‘ಸಿ’ ಎಂಬ ಯಕೃತ್ತಿನ ವ್ಯಾಧಿಗೆ ನಾವು ಕೈಕೊಂಡಿರುವ ಎರಡನೆಯ ಚಿಕಿತ್ಸೆಯಿದು; ಮೊದಲನೆಯದು ವಿಫಲವಾಯಿತು. ಸ್ವಂತ ದೇಹದ ಸಮಾಚಾರವನ್ನು ಹತ್ತು ಮಂದಿಯ ಮುಂದಿಡುವುದು ಗೃಹಸ್ಥರಿಗೆ ಒಪ್ಪತಕ್ಕದ್ದಲ್ಲವೆಂದು ಇಷ್ಟು ವರ್ಷ ಸುಮ್ಮನಿದ್ದೆವು. ಆ ಮೌನದಿಂದ ನಮಗಾಗಲಿ ಪರರಿಗಾಗಲಿ ಒಳಿತಾಗಲಿಲ್ಲವಾದ ಕಾರಣ ಈಗ ಲೇಖನಿಯನ್ನು ಹಿಡಿದಿದ್ದೇವೆ.

ಸಂಸ್ಕೃತದ ‘ಯಕೃತ್’ ಶಬ್ದವೂ ಗ್ರೀಕರ ‘ಹೇಪರ್’ ಶಬ್ದವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ಹೇಳುವರು. ‘ಹೆಪಟೈಟಿಸ್’ ಎಂಬ ಹೆಸರು ಆ ‘ಹೇಪರ್’ನಿಂದಲೇ ಬಂದುದು. ಹೀಗಿರಲು ಈ ಹೆಸರು ಕೇಳುವುದಕ್ಕೆ ಪರಕೀಯವಾದರೂ ದೂರದ ದಾಯಾದಿಯೇ. ವ್ಯಾಧಿಯನ್ನುಂಟುಮಾಡುವ ವೈರಾಣುವು ಗೊತ್ತಾದುದು ಮಾತ್ರ 1989ರಲ್ಲಿ. ಅದಕ್ಕೆ ಮುಂಚೆ ವೈದ್ಯರು ಇದನ್ನು ‘ಎ’ಯೂ ಅಲ್ಲದ, ‘ಬಿ’ಯೂ ಅಲ್ಲದ ಹೆಪಟೈಟಿಸ್ ಎಂದು ನಿಷೇಧಮುಖದಿಂದ ಕರೆಯುತ್ತಿದ್ದರು. ಇದನ್ನು ಕಂಡುಹಿಡಿದುದಕ್ಕಾಗಿ ಹಾರ್ವಿ ಆಲ್ಟರ್, ಮೈಕೇಲ್ ಹೌಟನ್, ಚಾರ್ಲ್ಸ್ ರೈಸ್ ಎಂಬ ಮೂವರಿಗೆ 2020ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ನಮಗೆ ಇದು ಅಂಟಿದುದು 1988ರಲ್ಲಿ ಎಂದು ಊಹೆ. ಸೈಕಲ್ಲಿನ ಮೇಲೆ ಹೋಗುತ್ತಿದ್ದಾಗ ಅಪಘಾತವಾಗಿ ತೊಡೆಯ ಮೂಳೆ ಮುರಿದು, ಎರಡು ಬಾಟಲಿ ಪರರಕ್ತವನ್ನು ಏರಿಸಿದ್ದರು. ಹೆಸರೇ ಇಲ್ಲದಿದ್ದ ರೋಗವನ್ನು ಯಾರು ತಾನೆ ಪರೀಕ್ಷಿಸಿಯಾರು! ನಮ್ಮ ದೇಶದಲ್ಲಿ ದಾನದ ರಕ್ತವನ್ನೆಲ್ಲ ಇದಕ್ಕಾಗಿ ಪರೀಕ್ಷಿಸಬೇಕೆಂಬ ವಿಧಿ ಬಂದುದು 2001ರಲ್ಲಿ. ಆದಕಾರಣ ಆ ಆಸ್ಪತ್ರೆಯವರನ್ನು ನಾವು ದೂರುವುದಿಲ್ಲ. ಇಪ್ಪತ್ತು ವರ್ಷ ಕಾಮಾಲೆಯಿಲ್ಲ, ನೋವಿಲ್ಲ. ಸಂಜೆಯ ಹೊತ್ತು ಕೊಂಚ ಆಯಾಸ, ಅದು ಯಾವ ಉಪಾಧ್ಯಾಯನಿಗಿಲ್ಲ? 2008ರಲ್ಲಿ ನಮ್ಮ ಶಾಲೆಯ ರಕ್ತದಾನ ಶಿಬಿರದಲ್ಲಿ ಮಕ್ಕಳಿಗೆ ಮಾದರಿಯಾಗಲೆಂದು ಮೊದಲು ನಾವೇ ತೋಳು ಚಾಚಿದೆವು. ಹದಿನೈದು ದಿನಗಳ ಮೇಲೆ ಮುಚ್ಚಿದ ಲಕೋಟೆಯೊಂದು ಬಂದಿತು.

ಆಗಿದ್ದ ಚಿಕಿತ್ಸೆಯೆಂದರೆ ವಾರಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಇಂಟರ್‌ಫೆರಾನ್ ಚುಚ್ಚುಮದ್ದು, ಜೊತೆಗೆ ಪ್ರತಿದಿನ ರೈಬಾವಿರಿನ್ ಗುಳಿಗೆಗಳು. ನಮ್ಮದು ವೈರಾಣುವಿನ ಮೂರನೆಯ ಜಾತಿ, ಭಾರತದಲ್ಲಿ ಅತ್ಯಂತ ಸಾಮಾನ್ಯವಾದುದು. ಅದಕ್ಕೆ 24 ವಾರ ಸಾಕೆಂದರು. ಶನಿವಾರ ಸಂಜೆ ಸೂಜಿ, ಶನಿವಾರ ರಾತ್ರಿ ನಡುಕದ ಜ್ವರ, ಭಾನುವಾರವೆಲ್ಲ ಹಾಸಿಗೆ, ಸೋಮವಾರ ತರಗತಿ. ತಲೆಗೂದಲು ಉದುರಿತು. ರಕ್ತ ಕುಂದಿ ಮೆಟ್ಟಿಲೇರಿದರೆ ಉಬ್ಬಸವಾಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಎಂದೂ ಬೆತ್ತ ಮುಟ್ಟದವರು ಒಬ್ಬ ಹುಡುಗನ ಮೇಲೆ ಸಂಧಿಯ ಸೂತ್ರವೊಂದನ್ನು ತಪ್ಪಿದನೆಂದು ಕೈಯೆತ್ತಿದೆವು. ಅದು ಔಷಧದ ಕೋಪವೆಂದು ವೈದ್ಯರು ಹೇಳಿದರೂ ಆ ಹುಡುಗನ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ. ಮನೆಯಾಕೆಯ ನಾಲ್ಕು ಬಳೆಗಳು ಔಷಧಕ್ಕಾಗಿ ಮಾರಾಟವಾದುವು.

ನಾಲ್ಕನೆಯ ವಾರದ ಪರೀಕ್ಷೆಯಲ್ಲಿ ರಕ್ತದಲ್ಲಿ ವೈರಾಣು ಕಾಣಲಿಲ್ಲ. ನಾವು ನೆರೆಹೊರೆಗೆಲ್ಲ ಪೇಡೆ ಹಂಚಿದೆವು. ಕೊನೆಯ ವಾರವೂ ಕಾಣಲಿಲ್ಲ. ಮುಗಿದ ಆರು ತಿಂಗಳಿಗೆ ಮತ್ತೆ ನೋಡಲಾಗಿ, ಲಕ್ಷಗಳ ಲೆಕ್ಕದಲ್ಲಿ ಹಿಂದಿರುಗಿತ್ತು. ಆ ಔಷಧದಿಂದ ನಮ್ಮ ಜಾತಿಯ ವೈರಾಣುವುಳ್ಳವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಗುಣಹೊಂದುತ್ತಿದ್ದರು. ನಾವು ಉಳಿದ ಪಾಲಿಗೆ ಸೇರಿದೆವು.

ಪೇಡೆ ಹಂಚಿದುದರ ಇನ್ನೊಂದು ಫಲವೆಂದರೆ ರೋಗದ ಹೆಸರು ಬಂಧುವರ್ಗದಲ್ಲೆಲ್ಲ ಹರಡಿತು. ಒಂದು ಮದುವೆಯ ಮನೆಯಲ್ಲಿ ನಮಗೆ ಬೇರೆ ಲೋಟದಲ್ಲಿ ಕಾಫಿ ಬಂದಿತು. ಕೊಟ್ಟವರು ದುಷ್ಟರಲ್ಲ, ತಿಳಿಯದವರು. ವಾಚಕರು ದಯಮಾಡಿ ಇದನ್ನು ಮನಸ್ಸಿನಲ್ಲಿಡಬೇಕು: ಈ ರೋಗವು ಎಂಜಲಿನಿಂದ, ಲೋಟತಟ್ಟೆಗಳಿಂದ, ಅಪ್ಪಿಕೊಂಡುದರಿಂದ, ಕೆಮ್ಮಿನಿಂದ ಹರಡುವುದಿಲ್ಲ. ಹರಡುವುದು ಮುಖ್ಯವಾಗಿ ರಕ್ತದಿಂದ. ಒಬ್ಬರಿಗೆ ಬಳಸಿದ ಸೂಜಿ, ಕ್ಷೌರದ ಅಲಗು, ಹಚ್ಚೆಯ ಮೊನೆ ಇವುಗಳಲ್ಲಿ ಎಚ್ಚರವಿರಲಿ. ಹಲ್ಲುಜ್ಜುವ ಬ್ರಷ್ಷೂ ಪ್ರತ್ಯೇಕವಿರಲಿ. ‘ಬಿ’ಗೆ ಲಸಿಕೆಯುಂಟು, ‘ಸಿ’ಗೆ ಇಲ್ಲ.

ಸೋತ ಮೇಲೆ ನಾವು ವೈದ್ಯರತ್ತ ಮುಖ ಮಾಡಲಿಲ್ಲ. ಅಷ್ಟರಲ್ಲಿ ಲೋಕ ಮುಂದುವರಿಯಿತು. 2013ರ ಕೊನೆಗೆ ಅಮೆರಿಕದಲ್ಲಿ ಸೊಫಾಸ್ಬುವಿರ್ ಎಂಬ ಗುಳಿಗೆಗೆ ಸಮ್ಮತಿ ದೊರೆತು, 2015ರಲ್ಲಿ ಅದರ ಅಗ್ಗದ ರೂಪ ಇಲ್ಲಿಯೂ ತಯಾರಾಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರದ ಚಿಕಿತ್ಸಾಕೇಂದ್ರಗಳಲ್ಲಿ ಔಷಧವು ಬೆಲೆಯಿಲ್ಲದೆ ದೊರೆಯುತ್ತದೆ. ಇದೆಲ್ಲವೂ ಪತ್ರಿಕೆಗಳಲ್ಲಿ ಬಂದಿದ್ದರೂ ನಾವು ಆ ಪುಟಗಳನ್ನು ಬೇಕೆಂದೇ ಮಗುಚಿದೆವು. 2024ರಲ್ಲಿ ನಿವೃತ್ತರಾದ ಮೇಲೆ ಮಗಳು ಬಂದು, “ಅಪ್ಪಾ, ಪಾಠ ತಪ್ಪಿದ ಹುಡುಗರಿಗೆ ನೀವು ಮರುಪರೀಕ್ಷೆ ಇಡುತ್ತಿರಲಿಲ್ಲವೇ?” ಎಂದಳು. ಉತ್ತರವಿರಲಿಲ್ಲ. ಪರೀಕ್ಷಿಸಲಾಗಿ ಯಕೃತ್ತು ಗಡುಸಾಗಿ ಸಿರೋಸಿಸ್ಸಿನ ಮೊದಲ ಅವಸ್ಥೆಯನ್ನು ಮುಟ್ಟಿತ್ತು. ನಮ್ಮ ಆಲಸ್ಯಕ್ಕೆ ತೆತ್ತ ಬೆಲೆ ಇದು.

ಈ ವರ್ಷದ ಆಷಾಢದಲ್ಲಿ ಚಿಕಿತ್ಸೆ ಆರಂಭವಾಯಿತು. ಸೊಫಾಸ್ಬುವಿರ್, ವೆಲ್ಪಟಾಸ್ವಿರ್ ಎರಡೂ ಒಂದೇ ಗುಳಿಗೆಯಲ್ಲಿವೆ. ಇಂಟರ್‌ಫೆರಾನ್ ದೇಹದ ಕಾವಲುಪಡೆಯನ್ನು ಕೆರಳಿಸುತ್ತಿತ್ತು, ಆದುದರಿಂದಲೇ ಅಷ್ಟು ಜ್ವರ. ಇವು ಹಾಗಲ್ಲ, ವೈರಾಣು ತನ್ನನ್ನು ತಾನೇ ಪ್ರತಿ ಮಾಡಿಕೊಳ್ಳುವ ಯಂತ್ರವನ್ನೇ ನಿಲ್ಲಿಸುತ್ತವೆ. ಮೊದಲ ವಾರ ಸ್ವಲ್ಪ ತಲೆನೋವು, ಅನಂತರ ಅದೂ ಇಲ್ಲ. ಜ್ವರ ಬರಲಿಲ್ಲವಲ್ಲ, ಔಷಧ ಕೆಲಸ ಮಾಡುತ್ತಿಲ್ಲವೋ ಏನೋ ಎಂದು ನಾವು ಕಳವಳಗೊಂಡುದನ್ನು ಕಂಡು ಮನೆಯಾಕೆ ನಕ್ಕಳು. ಒಂದು ತಪ್ಪು ಮಾತ್ರ ನಡೆಯುತ್ತಿತ್ತು. ಹೊಟ್ಟೆಯುರಿಗೆಂದು ನಾವು ರೂಢಿಯಲ್ಲಿ ನುಂಗುತ್ತಿದ್ದ ಹುಳಿಶಾಮಕ ಮಾತ್ರೆಯು ವೆಲ್ಪಟಾಸ್ವಿರನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆಯಂತೆ. ಹತ್ತನೆಯ ದಿನ ತಿಳಿದು ಬಿಟ್ಟೆವು. ಮನೆಯಲ್ಲಿರುವ ಸಕಲ ಔಷಧಗಳನ್ನೂ, ನಾಟಿಯ ಕಷಾಯವನ್ನೂ ಸೇರಿಸಿ, ವೈದ್ಯರ ಮುಂದೆ ಮೊದಲೇ ಹೇಳತಕ್ಕದ್ದು.

ನಾಲ್ಕನೆಯ ವಾರದ ವೈರಾಣುಪರೀಕ್ಷೆ ಈ ಔಷಧಕ್ಕೆ ಅವಶ್ಯವಲ್ಲವೆಂದು ವೈದ್ಯರು ಹೇಳಿದರು. ನಾವೇ ಹಟಮಾಡಿ ಖಾಸಗಿಯಾಗಿ ಮಾಡಿಸಿದೆವು. ಆರಂಭದಲ್ಲಿ ಮಿಲಿಲೀಟರಿಗೆ 18 ಲಕ್ಷ ಅಂಶಗಳಿದ್ದುವು, ಈಗ ಕಾಣುವುದಿಲ್ಲ. ಯಕೃತ್ತಿನ ಉರಿಯನ್ನು ಸೂಚಿಸುವ ಕಿಣ್ವ 96ರಿಂದ 34ಕ್ಕೆ ಇಳಿದಿದೆ. ಕಾಗದವನ್ನು ಕಂಡು ವೈದ್ಯರು, “ಸಂತೋಷ ಮೇಷ್ಟರೇ, ಆದರೆ ನಿಮಗೆ ನಾನು ಹೇಳಬೇಕೆ?” ಎಂದರು. ಹೇಳಬೇಕಾಗಿರಲಿಲ್ಲ. ಇದೇ ಅಂಕ 2008ರಲ್ಲಿಯೂ ಬಂದಿತ್ತು. ಗುಣವಾಯಿತೆಂಬುದಕ್ಕೆ ಕೊನೆಯ ಗುಳಿಗೆಯಾದ 12 ವಾರಗಳ ಮೇಲಿನ ಪರೀಕ್ಷೆಯೇ ಪ್ರಮಾಣ. ನಮ್ಮಂತಹ ಸೋತವರಲ್ಲಿಯೂ, ಗಡುಸಾದ ಯಕೃತ್ತುಳ್ಳವರಲ್ಲಿಯೂ ನೂರಕ್ಕೆ ತೊಂಬತ್ತರ ಆಸುಪಾಸು ಮಂದಿ ಅಲ್ಲಿ ಉತ್ತೀರ್ಣರಾಗುತ್ತಾರೆಂಬುದು ಈಗಿನ ಧೈರ್ಯ. ಗುಣವಾದರೂ ನಮ್ಮ ಯಕೃತ್ತಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪದು.

ಈ ಸಲ ಪೇಡೆ ತರಲಿಲ್ಲ. ಮನೆಯಾಕೆ ಗೋಡೆಯ ಪಂಚಾಂಗದಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಾಳೆ. ನವರಾತ್ರಿಯ ಹೊತ್ತಿಗೆ ಗುಳಿಗೆಗಳು ಮುಗಿಯುವುವು. ಧನುರ್ಮಾಸದಲ್ಲಿ ರಕ್ತ ಕೊಡಬೇಕು. ಆ ದಿನಕ್ಕೆ ಅವಳು ಗೀಟೆಳೆದಿಲ್ಲ, ಪುಟವನ್ನು ಮಾತ್ರ ಮಡಿಸಿಟ್ಟಿದ್ದಾಳೆ.