ದೊಡ್ಡ ನಾಯಿಯ ಲೆಕ್ಕ

ಗ್ರೇಟ್ ಡೇನ್ ನಾಯಿಯೊಂದು ಬೀದಿಯಲ್ಲಿ ಗಂಭೀರವಾಗಿ ಹೆಜ್ಜೆ ಹಾಕುತ್ತಿದ್ದರೆ ತಿರುಗಿ ನೋಡದವರು ಕಡಿಮೆ. ಕರುವಿನಷ್ಟು ಎತ್ತರ, ಅಗಲವಾದ ಎದೆ, ಶಾಂತವಾದ ಕಣ್ಣು. ಇಂಥದ್ದೊಂದು ನಮ್ಮ ಮನೆಯಲ್ಲೂ ಇರಬಾರದೇಕೆ ಎಂಬ ಆಸೆ ಹುಟ್ಟುವುದು ಸಹಜ. ಕೊಳ್ಳಲು ಹೋದಾಗ ಸಿಗುವುದಾದರೋ ತೋಳಿನಲ್ಲಿ ಹಿಡಿಸುವ ಎರಡು ತಿಂಗಳ ಮರಿ. ಅದನ್ನು ನೋಡಿದ ಮೇಲೆ ಬೇಡವೆನ್ನುವುದು ಕಷ್ಟ. ಆದರೆ ಒಂದೂವರೆ ವರ್ಷದಲ್ಲಿ ಅದೇ ಮರಿ ಮನೆಯ ಒಬ್ಬ ವಯಸ್ಕರಷ್ಟು ತೂಗುತ್ತದೆ. ಆಗ ಸಾಕಲಾಗದೆ ಕೈಬಿಟ್ಟರೆ ಕಷ್ಟ ಅನುಭವಿಸುವುದು ನಾಯಿ. ಆದ್ದರಿಂದ ಮರಿಯನ್ನು ತರುವ ಮುನ್ನವೇ ಒಂದಿಷ್ಟು ಲೆಕ್ಕ ಮಾಡುವುದು ಒಳ್ಳೆಯದು. ಇದಕ್ಕೆ ಬೇಕಾದ ಗಣಿತ ಪ್ರೌಢಶಾಲೆಯಲ್ಲಿ ಕಲಿತದ್ದೇ.

ಎರಡು, ನಾಲ್ಕು, ಎಂಟು

ಒಂದು ಸೆಂಟಿಮೀಟರ್ ಬದಿಯ ಘನವನ್ನು ಊಹಿಸಿಕೊಳ್ಳಿ. ಅದರ ಬದಿಯನ್ನು ಎರಡು ಪಟ್ಟು ಮಾಡಿದರೆ ಮೇಲ್ಮೈ ವಿಸ್ತೀರ್ಣ ನಾಲ್ಕು ಪಟ್ಟು, ಘನಗಾತ್ರ ಎಂಟು ಪಟ್ಟು ಆಗುತ್ತದೆ. ಉದ್ದ, ವಿಸ್ತೀರ್ಣ ಮತ್ತು ಘನಗಾತ್ರ ಒಂದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ ಎಂಬ ಈ ಸರಳ ಸಂಗತಿಯನ್ನು ಪ್ರಾಣಿಗಳ ದೇಹಕ್ಕೆ ಅನ್ವಯಿಸಿದವನು ಗೆಲಿಲಿಯೊ. 1638ರಲ್ಲಿ ಪ್ರಕಟವಾದ ಆತನ ಕೊನೆಯ ಗ್ರಂಥದಲ್ಲಿ ನಾಯಿಯ ಉದಾಹರಣೆಯೇ ಬರುತ್ತದೆ. ಪುಟ್ಟ ನಾಯಿ ತನ್ನಷ್ಟೇ ದೊಡ್ಡ ಎರಡು ಮೂರು ನಾಯಿಗಳನ್ನು ಹೊರಬಲ್ಲದು, ಕುದುರೆ ತನ್ನಂಥ ಒಂದು ಕುದುರೆಯನ್ನೂ ಹೊರಲಾರದು ಎಂಬುದು ಅಲ್ಲಿನ ತರ್ಕ.

ನಮ್ಮ ಲೆಕ್ಕಕ್ಕೆ ಎರಡು ನಾಯಿಗಳನ್ನು ತೆಗೆದುಕೊಳ್ಳೋಣ. ಒಂದು, ನಮ್ಮ ಊರುಗಳಲ್ಲಿ ಪಾಮೆರೇನಿಯನ್ ಎಂದೇ ಹೆಸರಾದ ಇಂಡಿಯನ್ ಸ್ಪಿಟ್ಸ್. ತೂಕ 7 ಕಿಲೋಗ್ರಾಂ. ಇನ್ನೊಂದು, 56 ಕಿಲೋಗ್ರಾಂ ತೂಕದ ಹೆಣ್ಣು ಗ್ರೇಟ್ ಡೇನ್. ತೂಕದಲ್ಲಿ ಎಂಟು ಪಟ್ಟು. ಎರಡರ ಆಕಾರವೂ ಒಂದೇ ಎಂದು ಸ್ಥೂಲವಾಗಿ ಭಾವಿಸಿದರೆ ಉದ್ದದಲ್ಲಿ ಎರಡು ಪಟ್ಟು, ಚರ್ಮದ ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು.

ಊಟದ ಖರ್ಚು

ದೊಡ್ಡ ನಾಯಿಗೆ ಎಂಟು ಪಟ್ಟು ಆಹಾರ ಬೇಕೇ? ಬೇಡ. 1883ರಲ್ಲಿ ಜರ್ಮನಿಯ ಮ್ಯಾಕ್ಸ್ ರುಬ್ನರ್ ಬೇರೆ ಬೇರೆ ಗಾತ್ರದ ನಾಯಿಗಳ ದೇಹದಿಂದ ಹೊರಬೀಳುವ ಉಷ್ಣವನ್ನು ಅಳೆದು, ಅದು ತೂಕಕ್ಕಿಂತ ಹೆಚ್ಚಾಗಿ ಮೇಲ್ಮೈ ವಿಸ್ತೀರ್ಣವನ್ನು ಅನುಸರಿಸುತ್ತದೆ ಎಂದು ತೋರಿಸಿದ. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಇದನ್ನು ಪರಿಷ್ಕರಿಸಿ, ದೇಹಕ್ಕೆ ಬೇಕಾದ ಶಕ್ತಿಯು ತೂಕದ ಮುಕ್ಕಾಲು ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂದ. ಪಶುವೈದ್ಯರು ಇಂದಿಗೂ ಬಳಸುವುದು ಇದೇ ಸೂತ್ರವನ್ನು.

ನೀವೇ ಲೆಕ್ಕ ಮಾಡಬಹುದು. ನಾಯಿಯ ತೂಕವನ್ನು ಕಿಲೋಗ್ರಾಂನಲ್ಲಿ ಬರೆದು ಅದರ ಘನವನ್ನು ಕಂಡುಹಿಡಿಯಿರಿ. ಬಂದ ಸಂಖ್ಯೆಯ ವರ್ಗಮೂಲ ತೆಗೆಯಿರಿ, ಮತ್ತೊಮ್ಮೆ ವರ್ಗಮೂಲ ತೆಗೆಯಿರಿ, 70ರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ನಾಯಿಗೆ ದಿನಕ್ಕೆ ಬೇಕಾದ ಕಿಲೋಕ್ಯಾಲೊರಿ ಸಿಗುತ್ತದೆ. ಸ್ಪಿಟ್ಸ್‌ಗೆ ಸುಮಾರು 300, ಡೇನ್‌ಗೆ ಸುಮಾರು 1430. ಸಂತಾನಹರಣ ಚಿಕಿತ್ಸೆ ಆದ, ಸಾಮಾನ್ಯ ಓಡಾಟವುಳ್ಳ ವಯಸ್ಕ ನಾಯಿಗೆ ಇದರ 1.6 ಪಟ್ಟು, ಅಂದರೆ ಕ್ರಮವಾಗಿ 480 ಮತ್ತು 2290 ಕಿಲೋಕ್ಯಾಲೊರಿ. 100 ಗ್ರಾಂ ಒಣ ಆಹಾರದಿಂದ 350 ಕಿಲೋಕ್ಯಾಲೊರಿ ಸಿಗುತ್ತದೆ ಎಂದಾದರೆ ಡೇನ್‌ಗೆ ದಿನಕ್ಕೆ ಸುಮಾರು 650 ಗ್ರಾಂ, ತಿಂಗಳಿಗೆ ಹತ್ತಿರ ಹತ್ತಿರ 20 ಕಿಲೋಗ್ರಾಂ. ಸ್ಪಿಟ್ಸ್‌ಗೆ ತಿಂಗಳಿಗೆ 4 ಕಿಲೋಗ್ರಾಂ ಸಾಕು.

ಹೀಗೆ ಊಟ ಎಂಟು ಪಟ್ಟಲ್ಲ, ಐದು ಪಟ್ಟಿಗೂ ಸ್ವಲ್ಪ ಕಡಿಮೆ. ಆದರೆ ಅನೇಕ ಔಷಧಿಗಳ ಪ್ರಮಾಣವನ್ನು ಪ್ರತಿ ಕಿಲೋಗ್ರಾಂಗೆ ಇಷ್ಟು ಎಂದು ನಿಗದಿಪಡಿಸುತ್ತಾರೆ. ಅಲ್ಲಿ ಮಾತ್ರ ಎಂಟು ಪಟ್ಟಿನ ಲೆಕ್ಕವೇ ನಿಲ್ಲುತ್ತದೆ. ತಿಂಗಳ ಖರ್ಚನ್ನು ಅಂದಾಜು ಮಾಡುವವರು ಆಹಾರವನ್ನು ಎಣಿಸಿ ಚಿಕಿತ್ಸೆಯನ್ನು ಮರೆಯಬಾರದು.

ಹಂಡೆ ಮತ್ತು ಲೋಟ

ಕುದಿಯುವ ನೀರನ್ನು ಲೋಟದಲ್ಲಿಟ್ಟರೆ ಬೇಗ ಆರುತ್ತದೆ, ಹಂಡೆಯಲ್ಲಿಟ್ಟರೆ ಬಹಳ ಹೊತ್ತು ಬಿಸಿಯಾಗಿರುತ್ತದೆ. ಉಷ್ಣ ಹೊರಹೋಗುವುದು ಮೇಲ್ಮೈಯಿಂದ, ಸಂಗ್ರಹವಾಗಿರುವುದು ಘನಗಾತ್ರದಲ್ಲಿ. ಗ್ರೇಟ್ ಡೇನ್ ನಮ್ಮ ಹಂಡೆ. ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ ಅದರಲ್ಲಿ ಸ್ಪಿಟ್ಸ್‌ನ ಎರಡರಷ್ಟು ದ್ರವ್ಯರಾಶಿಯಿದೆ. ಮೈ ಬಿಸಿಯೇರುವುದು ನಿಧಾನ, ಏರಿದ ಮೇಲೆ ಇಳಿಯುವುದೂ ನಿಧಾನ.

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದರ ಪಾದಗಳ ಮೆತ್ತೆಗಳಲ್ಲಿ ಮಾತ್ರ ಗಮನಾರ್ಹ ಬೆವರು ಗ್ರಂಥಿಗಳಿವೆ. ಅದು ನಾಲಿಗೆ ಚಾಚಿ ಏದುಸಿರು ಬಿಟ್ಟು ನೀರನ್ನು ಆವಿ ಮಾಡಿ ತಣಿಯುತ್ತದೆ. ಒಂದು ಗ್ರಾಂ ನೀರು ಆವಿಯಾದಾಗ ಸುಮಾರು 580 ಕ್ಯಾಲೊರಿ ಉಷ್ಣವನ್ನು ಒಯ್ಯುತ್ತದೆ. ಆದರೆ ಗಾಳಿಯಲ್ಲಿ ಆಗಲೇ ತೇವಾಂಶ ತುಂಬಿದ್ದರೆ ಈ ಉಪಾಯ ನಡೆಯುವುದಿಲ್ಲ. ಮಂಗಳೂರಿನ ಮೇ ತಿಂಗಳ ಮಧ್ಯಾಹ್ನ ದೊಡ್ಡ ನಾಯಿಗೆ ಕಲಬುರಗಿಯ ಒಣಬಿಸಿಲಿನಷ್ಟೇ ಕಷ್ಟ ಕೊಡುವುದು ಇದರಿಂದಲೇ. ನಾಯಿಯ ಸಹಜ ದೇಹತಾಪ 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ಡಿಗ್ರಿ ದಾಟಿದರೆ ಪ್ರಾಣಾಪಾಯ. ಅಂಥ ಸಂದರ್ಭದಲ್ಲಿ ತಕ್ಷಣ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ ತಣಿಸಲು ಆರಂಭಿಸಬೇಕು. ಆಸ್ಪತ್ರೆಗೆ ಹೊರಡುವುದು ಅದರ ನಂತರ.

ಸೇಂಟ್ ಬರ್ನಾರ್ಡ್ ತಳಿಯ ಕಥೆಯನ್ನು ಇಲ್ಲಿ ನೆನೆಯಬೇಕು. ಆಲ್ಪ್ಸ್ ಪರ್ವತದಲ್ಲಿ 2469 ಮೀಟರ್ ಎತ್ತರದ ಕಣಿವೆದಾರಿಯ ಮಠದಲ್ಲಿ, ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕಲು ಸಾಕಿದ ನಾಯಿಗಳಿವು. ಇವುಗಳಲ್ಲಿ ಪ್ರಸಿದ್ಧವಾದದ್ದು 1800ರಿಂದ 1814ರವರೆಗೆ ಬದುಕಿದ್ದ ಬ್ಯಾರಿ. ಅದರ ದೇಹವನ್ನು ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಡಲಾಗಿದೆ. ಬ್ಯಾರಿಯ ತೂಕ 40-45 ಕಿಲೋಗ್ರಾಂ ಇದ್ದಿರಬೇಕೆಂದು ಅಂದಾಜು. ಇಂದಿನ ಗಂಡು ಸೇಂಟ್ ಬರ್ನಾರ್ಡ್ 65ರಿಂದ 80 ಕಿಲೋಗ್ರಾಂ ತೂಗುತ್ತದೆ. ದುಡಿಯುವ ನಾಯಿ ಪ್ರದರ್ಶನದ ನಾಯಿಯಾದಾಗ ಗಾತ್ರವೇ ಗುರಿಯಾಯಿತು. ಹಿಮಕ್ಕೆ ಹೊಂದಿದ ಆ ಮೈಯನ್ನು, ಆ ದಟ್ಟ ತುಪ್ಪಳವನ್ನು ನಮ್ಮ ಬಯಲುಸೀಮೆಯ ಏಪ್ರಿಲ್‌ಗೆ ತಂದು ನಿಲ್ಲಿಸುವುದು ನ್ಯಾಯವೇ ಎಂಬುದನ್ನು ನೀವೇ ಯೋಚಿಸಿ.

ಎತ್ತರದ ನಾಯಿಯೇ ಬೇಕೆನ್ನುವವರು ನಮ್ಮ ಮುಧೋಳ ನಾಯಿಯನ್ನು ಗಮನಿಸಬಹುದು. ಭುಜದವರೆಗಿನ ಎತ್ತರ ಸುಮಾರು 70 ಸೆಂಟಿಮೀಟರ್ ಇದ್ದರೂ ತೂಕ ಸುಮಾರು 25 ಕಿಲೋಗ್ರಾಂ ಮಾತ್ರ. ಸಪೂರ ದೇಹ, ಗಿಡ್ಡ ಕೂದಲು. ಘನಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಬಾಗಲಕೋಟೆಯ ಬಿಸಿಲಿಗೆ ಇದು ಸರಿಯಾದ ವಿನ್ಯಾಸ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ದೇಶೀ ತಳಿಗಳ ಅಂಚೆಚೀಟಿಗಳಲ್ಲಿ ಇದಕ್ಕೂ ಸ್ಥಾನ ದೊರೆತಿದೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇದೆ. ಆದರೆ ಇದು ಬೇಟೆಯ ಓಟಗಾರ. ಓಡಲು ಬಯಲು ಬೇಕು. ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕಿದರೆ ಅದಕ್ಕೂ ಶಿಕ್ಷೆಯೇ.

ಎಲುಬು, ಕೀಲು ಮತ್ತು ನೆಲ

ಎಲುಬಿನ ಬಲ ಅದರ ಅಡ್ಡಸೀಳಿಕೆಯ ವಿಸ್ತೀರ್ಣವನ್ನು ಅವಲಂಬಿಸುತ್ತದೆ. ಎಂಟು ಪಟ್ಟು ತೂಕವನ್ನು ನಾಲ್ಕು ಪಟ್ಟು ವಿಸ್ತೀರ್ಣ ಹೊರುವಾಗ ಒತ್ತಡ ಇಮ್ಮಡಿಯಾಗುತ್ತದೆ. ಕೀಲಿನ ಮೃದ್ವಸ್ಥಿಗೂ ಪಾದಕ್ಕೂ ಇದೇ ಮಾತು. ದೊಡ್ಡ ನಾಯಿ ಗಟ್ಟಿ ನೆಲದ ಮೇಲೆ ಮಲಗಿ ಮಲಗಿ ಮೊಣಕೈ ದಡ್ಡುಗಟ್ಟುವುದನ್ನು ನೀವು ನೋಡಿರಬಹುದು. ದಪ್ಪನೆಯ ಹಾಸಿಗೆ ಅದಕ್ಕೆ ಐಷಾರಾಮವಲ್ಲ. ಹಾಗೆಯೇ ನುಣುಪಾದ ಟೈಲ್ಸ್ ನೆಲ. ಘರ್ಷಣೆಯೂ ತೂಕಕ್ಕೆ ಅನುಪಾತದಲ್ಲಿರುವುದರಿಂದ ಜಾರುವ ಸಾಧ್ಯತೆ ಎರಡೂ ನಾಯಿಗಳಿಗೆ ಒಂದೇ. ಬಿದ್ದಾಗ ಆಗುವ ಪೆಟ್ಟು ಮಾತ್ರ ಒಂದೇ ಅಲ್ಲ. ಎಂಟು ಪಟ್ಟು ತೂಕ ಎರಡು ಪಟ್ಟು ಎತ್ತರದಿಂದ ಬಿದ್ದರೆ ಶಕ್ತಿ ಹದಿನಾರು ಪಟ್ಟು. ನಾಯಿ ಓಡಾಡುವ ಜಾಗದಲ್ಲಿ ಚಾಪೆ ಹಾಸಿದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ.

ಮರಿಯ ಬೆಳವಣಿಗೆಯ ಕಾಲ ಇನ್ನೂ ಸೂಕ್ಷ್ಮ. ಹುಟ್ಟುವಾಗ ಅರ್ಧ ಕಿಲೋಗ್ರಾಂ ಆಸುಪಾಸಿನಲ್ಲಿರುವ ಡೇನ್ ಮರಿ ಒಂದೂವರೆ ಎರಡು ವರ್ಷದಲ್ಲಿ ಸುಮಾರು ನೂರು ಪಟ್ಟು ಬೆಳೆಯುತ್ತದೆ. ಮನುಷ್ಯನ ಮಗು ಇಪ್ಪತ್ತು ಪಟ್ಟು ಬೆಳೆಯಲು ಹದಿನೆಂಟು ವರ್ಷ ತೆಗೆದುಕೊಳ್ಳುತ್ತದೆ. ಇಂಥ ಮರಿಗೆ ಬಲ ಬರಲೆಂದು ಕ್ಯಾಲ್ಸಿಯಂ ಟಾನಿಕ್ ಕುಡಿಸುವವರು ಬಹಳ. ಎಳೆಯ ಮರಿಯ ಕರುಳು ಹೆಚ್ಚಾದ ಕ್ಯಾಲ್ಸಿಯಮ್ಮನ್ನು ತಡೆಯಲಾರದು. ಅದು ದೇಹ ಸೇರಿ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ ಎಂಬುದು ಗ್ರೇಟ್ ಡೇನ್ ಮರಿಗಳ ಮೇಲೆ ನೆದರ್ಲೆಂಡ್ಸ್‌ನಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗಗಳಿಂದ ತಿಳಿದಿದೆ. ಸಮತೋಲನದ ಆಹಾರ ಸಿಗುತ್ತಿರುವ ಮರಿಗೆ ವೈದ್ಯರು ಹೇಳದೆ ಟಾನಿಕ್ ಕೊಡಬೇಡಿ.

ದುಂಡುದುಂಡಾಗಿ ಬೆಳೆಸುವುದೂ ಬೇಡ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡ 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವನಪೂರ್ತಿ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆಚ್ಚು ತಿಂದ ಗುಂಪಿನ ಮಧ್ಯಾಂಕ ಆಯುಸ್ಸು 11.2 ವರ್ಷ, ಕಡಿಮೆ ತಿಂದ ಗುಂಪಿನದು 13 ವರ್ಷ. ಕೀಲುಬೇನೆಯೂ ಎರಡನೆಯ ಗುಂಪಿನಲ್ಲಿ ತಡವಾಗಿ ಕಾಣಿಸಿಕೊಂಡಿತು. ಪಕ್ಕೆಲುಬುಗಳು ಕೈಗೆ ಸುಲಭವಾಗಿ ತಾಗುವಂತಿದ್ದರೆ ನಿಮ್ಮ ನಾಯಿಯ ಮೈ ಹದವಾಗಿದೆ ಎಂದರ್ಥ.

ಹಗ್ಗದ ತುದಿಯಲ್ಲಿ

56 ಕಿಲೋಗ್ರಾಂ ತೂಕದ ನಾಯಿ ಬೆಕ್ಕೊಂದನ್ನು ಕಂಡು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನುಗ್ಗಿತೆನ್ನಿ. ಚಲನಶಕ್ತಿ 700 ಜೂಲ್. ಹಗ್ಗ ಬಿಗಿಯಾಗಿ, ನಿಮ್ಮ ತೋಳು ಅರ್ಧ ಮೀಟರ್ ಎಳೆಯಲ್ಪಡುವಷ್ಟರಲ್ಲಿ ಅದನ್ನು ನಿಲ್ಲಿಸಬೇಕಾದರೆ ಸರಾಸರಿ 1400 ನ್ಯೂಟನ್ ಬಲ ಬೇಕು. ಇದು 140 ಕಿಲೋಗ್ರಾಂ ಭಾರವನ್ನು ಎತ್ತಿ ಹಿಡಿದಂತೆ. ಅದೇ ಸ್ಪಿಟ್ಸ್ ಆದರೆ 18 ಕಿಲೋಗ್ರಾಂನಷ್ಟು. ತೋಳ್ಬಲದಿಂದ ದೊಡ್ಡ ನಾಯಿಯನ್ನು ತಡೆಯುತ್ತೇನೆ ಎಂಬುದು ಭ್ರಮೆ. ತಡೆಯುವುದು ತರಬೇತಿ ಮಾತ್ರ, ಅದೂ ಮರಿ 10 ಕಿಲೋಗ್ರಾಂ ಇರುವಾಗಲೇ ಆರಂಭವಾಗಬೇಕು. ಪುಟ್ಟ ನಾಯಿ ಮೈಮೇಲೆ ಹಾರಿದರೆ ನಗುವ ನೆಂಟರು ದೊಡ್ಡ ನಾಯಿ ಹಾರಿದರೆ ನೆಲಕ್ಕುರುಳುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಈ ಲೆಕ್ಕವನ್ನು ಮೊದಲು ಮಾಡಿ.

ತಿಳಿದಿರಲೇಬೇಕಾದ ಒಂದು ಅಪಾಯ

ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ, ಅದರಲ್ಲೂ ಗ್ರೇಟ್ ಡೇನ್‌ಗಳಲ್ಲಿ, ಜಠರ ಅನಿಲದಿಂದ ಉಬ್ಬಿ ತಿರುಚಿಕೊಳ್ಳುವುದುಂಟು. ಎರಡು ತುದಿಗಳೂ ಮುಚ್ಚಿಹೋಗಿ ಒಳಗಿನ ಒತ್ತಡ ಏರುತ್ತದೆ. ಅಭಿಧಮನಿಗಳ ಗೋಡೆ ತೆಳು, ಅವುಗಳೊಳಗಿನ ರಕ್ತದ ಒತ್ತಡವೂ ಕಡಿಮೆ. ಆದ್ದರಿಂದ ಮೊದಲು ಅದುಮಿಹೋಗುವುದು ಅವೇ. ರಕ್ತ ಹೃದಯಕ್ಕೆ ಮರಳುವುದು ಕುಂಠಿತವಾಗುತ್ತದೆ. ನಾಯಿ ವಾಂತಿ ಮಾಡಲು ಪದೇ ಪದೇ ಯತ್ನಿಸಿ ಏನೂ ಬಾರದಿದ್ದರೆ, ಹೊಟ್ಟೆ ಉಬ್ಬಿದ್ದರೆ, ನಿಂತಲ್ಲಿ ನಿಲ್ಲದೆ ಚಡಪಡಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ. ಉಳಿದಿರುವುದು ಕೆಲವೇ ಗಂಟೆಗಳು, ಬೇಕಿರುವುದು ಶಸ್ತ್ರಚಿಕಿತ್ಸೆ. ದಿನದ ಆಹಾರವನ್ನು ಒಂದೇ ಸಲ ಕೊಡದೆ ಎರಡು ಮೂರು ಭಾಗ ಮಾಡಿ ಕೊಡುವುದು ಒಳ್ಳೆಯ ಅಭ್ಯಾಸ. ರಾತ್ರಿಯೂ ತೆರೆದಿರುವ ಪಶು ಚಿಕಿತ್ಸಾಲಯ ಎಲ್ಲಿದೆ, 56 ಕಿಲೋಗ್ರಾಂ ಹೊತ್ತು ಅಲ್ಲಿಗೆ ತಲಪುವುದು ಹೇಗೆ ಎಂಬುದು ಮರಿ ಮನೆಗೆ ಬರುವ ಮೊದಲೇ ಗೊತ್ತಿರಬೇಕು.

ಲಾಭದ ಕಡೆ

ಇಷ್ಟೆಲ್ಲ ಓದಿ ದೊಡ್ಡ ನಾಯಿ ಬೇಡವೇ ಬೇಡ ಎನ್ನಬೇಡಿ. ಅದೇ ಭೌತವಿಜ್ಞಾನ ಸಂತೋಷಗಳನ್ನೂ ಕೊಟ್ಟಿದೆ. ವಿಶ್ರಾಂತಿಯಲ್ಲಿ ಸ್ಪಿಟ್ಸ್ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 43 ಕಿಲೋಕ್ಯಾಲೊರಿ ಉರಿಸಿದರೆ ಡೇನ್ ಉರಿಸುವುದು 26 ಮಾತ್ರ. ಅದರ ಹೃದಯ ನಿಧಾನವಾಗಿ ಬಡಿಯುತ್ತದೆ. ತರಬೇತಾದ ವಯಸ್ಕ ಡೇನ್ ದಿನದ ಬಹುಭಾಗ ಮನೆಯಲ್ಲಿ ಸುಮ್ಮನೆ ಮಲಗಿರುತ್ತದೆ. ಕಾಲನ್ನು ತೂಗುವ ಲೋಲಕ ಎಂದು ಭಾವಿಸಿದರೆ ಅದರ ಆಂದೋಲನ ಕಾಲ ಉದ್ದದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಪುಟ್ಟ ನಾಯಿ ನಿಮ್ಮೊಡನೆ ಬರಲು ಚುಟುಚುಟು ಓಡಬೇಕು. ದೊಡ್ಡ ನಾಯಿಯ ನಡಿಗೆಯ ಲಯ ನಿಮ್ಮ ಲಯಕ್ಕೆ ಹತ್ತಿರ. ಜೊತೆಯಲ್ಲಿ ನಡೆಯುವುದು ಎಂಬ ಮಾತು ಅಲ್ಲಿ ಅಕ್ಷರಶಃ ನಿಜ. ಬಗ್ಗದೆಯೇ ತಲೆ ಸವರಬಹುದು. ಉದ್ದವಾದ ಗಂಟಲಿನಿಂದ ಹೊರಡುವ ಅದರ ತಗ್ಗು ದನಿ ಒಮ್ಮೆ ಗುಡುಗಿದರೆ ಸಾಕು, ಕಚ್ಚುವ ಪ್ರಸಂಗವೇ ಬಾರದೆ ಮನೆ ಕಾಯುವ ಕೆಲಸ ಮುಗಿಯುತ್ತದೆ.

ಕೊನೆಯ ಲೆಕ್ಕ ಆಯುಸ್ಸಿನದು. ಆನೆ ಇಲಿಗಿಂತ ಹೆಚ್ಚು ಕಾಲ ಬದುಕುತ್ತದೆ. ನಾಯಿಗಳೊಳಗೆ ಮಾತ್ರ ನಿಯಮ ತಿರುವುಮುರುವು. ಸ್ಪಿಟ್ಸ್ 12 ವರ್ಷ ದಾಟುವುದು ಸಾಮಾನ್ಯ, ಗ್ರೇಟ್ ಡೇನ್ ಬದುಕುವುದು 7ರಿಂದ 10 ವರ್ಷ. ದೊಡ್ಡ ತಳಿಗಳಲ್ಲಿ ವಯಸ್ಸಾಗುವಿಕೆಯ ವೇಗವೇ ಹೆಚ್ಚು, ತೂಕ 2 ಕಿಲೋಗ್ರಾಂ ಏರಿದರೆ ನಿರೀಕ್ಷಿತ ಆಯುಸ್ಸು ಸುಮಾರು ಒಂದು ತಿಂಗಳು ಇಳಿಯುತ್ತದೆ ಎಂದು 2013ರ ಅಧ್ಯಯನವೊಂದು ತೋರಿಸಿತು. ಇನ್ಸುಲಿನ್ನನ್ನು ಹೋಲುವ ಬೆಳವಣಿಗೆಯ ಅಂಶವೊಂದರ ಜೀನ್ ನಾಯಿಯ ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆಂದು 2007ರಲ್ಲಿ ಗೊತ್ತಾಯಿತು. ಬೇಗ ಬೆಳೆಸುವ ಈ ಏರ್ಪಾಡೇ ಬೇಗ ಮುಪ್ಪನ್ನೂ ತರುತ್ತದೆಯೇ ಎಂಬುದರ ಪರಿಶೀಲನೆ ನಡೆದಿದೆ.

ನಿಮ್ಮ ಮಗು ಒಂದನೆಯ ತರಗತಿಗೆ ಸೇರಿದ ವರ್ಷ ಡೇನ್ ಮರಿಯನ್ನು ತಂದರೆ, ಮಗು ಹತ್ತನೆಯ ತರಗತಿ ಮುಗಿಸುವ ಮುನ್ನ ಅದನ್ನು ಕಳೆದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಇದನ್ನು ಮನೆಮಂದಿಯೆಲ್ಲ ಕುಳಿತು ಮಾತಾಡಿ. ಜಾಗ, ಹವೆ, ಹಣ, ದಿನಕ್ಕೆ ಒಂದೆರಡು ಗಂಟೆಯ ಸಮಯ ಇವಿಷ್ಟೂ ಇವೆ ಎಂದಾದರೆ ಮಾತ್ರ ಮರಿಯನ್ನು ತನ್ನಿ. ತಂದ ಮೇಲೆ ಅದರ ತೂಕವನ್ನು ತಿಂಗಳಿಗೊಮ್ಮೆ ಪುಸ್ತಕದಲ್ಲಿ ಬರೆದಿಡಲು ಮಕ್ಕಳಿಗೆ ಹೇಳಿ. ಎರಡು, ನಾಲ್ಕು, ಎಂಟರ ಲೆಕ್ಕ ಅವರ ಕಣ್ಣೆದುರೇ ಬೆಳೆಯುತ್ತಾ ಹೋಗುತ್ತದೆ.