ರಾಶಿ ಹೊತ್ತಿನಲ್ಲಿ ಫೋನ್ ಎತ್ತುವವರು ಯಾರು?

ರೋಣ ತಾಲೂಕಿನ ನಮ್ಮ ಸವಡಿಯ ಎರೆ ಹೊಲಗಳಲ್ಲಿ ಹೆಸರು ಕೈಗೆ ಬರುವುದು ಆಗಸ್ಟ್ ಸುಮಾರಿಗೆ. ಮಳೆಯೂ ಅದೇ ಹೊತ್ತಿಗೆ. ಕಿತ್ತು ಗುಂಪಿ ಹಾಕಿದ ಹೆಸರು ಎರಡು ದಿನ ನೆನೆಯಿತೆಂದರೆ ಕಾಯಿಯೊಳಗೇ ಮೊಳಕೆ. ಹೀಗಾಗಿ ಆ ಹದಿನೈದು ದಿನ ರಾಶಿ ಮಷೀನ್ ಇದ್ದವನ ಫೋನಿಗೆ ಬಿಡುವಿಲ್ಲ.

ಒಕ್ಕಲುತನದ ಜತೆ ನಾನು ಟ್ರ್ಯಾಕ್ಟರ್, ರಾಶಿ ಮಷೀನ್ ಬಾಡಿಗೆಗೆ ಹೊಡೆಯುವವನು. ಆ ಸದ್ದು, ಧೂಳಿನಲ್ಲಿ ರಿಂಗ್ ಎಲ್ಲಿ ಕೇಳಬೇಕು? ಸಂಜೆ ನೋಡಿದರೆ ಇಪ್ಪತ್ತು ಮಿಸ್ಡ್ ಕಾಲ್. ತಿರುಗಿ ಮಾಡಿದರೆ, "ಬ್ಯಾರೆದವ್ರಿಗೆ ಹೇಳಿಬಿಟ್ವಿ, ಬಿಡ್ರಿ."

ಧಾರವಾಡದಲ್ಲಿ ಓದುವ ಮಗಳು ಕಳೆದ ವರ್ಷ ಫೋನ್ ಎತ್ತುವ ಎಐ ಸಹಾಯಕ ಹಾಕಿಕೊಟ್ಟಳು. ನಾವು ಎತ್ತದ ಕರೆ ಫಾರ್ವರ್ಡ್ ಆಗಿ ಅದಕ್ಕೆ ಹೋಗುತ್ತದೆ. ಅದು ಮಾತನ್ನು ಅಕ್ಷರ ಮಾಡಿಕೊಂಡು, ಉತ್ತರ ಹೊಂದಿಸಿ, ಕನ್ನಡ ದನಿಯಲ್ಲಿ ಹೇಳುತ್ತದೆ. ಕೊನೆಗೆ ನಮ್ಮ ವಾಟ್ಸಾಪಿಗೆ ಚೀಟಿ. 2018ರಲ್ಲಿ ಗೂಗಲ್ ಕಂಪನಿ ಯಂತ್ರದಿಂದ ಸಲೂನಿಗೆ ಫೋನ್ ಮಾಡಿಸಿ, ವೇಳೆ ಗೊತ್ತು ಮಾಡಿಸಿ ತೋರಿಸಿತ್ತು. ಅದು ಇಂಗ್ಲಿಷಿನಲ್ಲಿ. ನಮ್ಮ ಭಾಷೆಗಳಿಗೆ ಇಂಥ ತಂತ್ರ ಬೆಳೆಸಲೆಂದು ಕೇಂದ್ರ ಸರಕಾರ 2022ರಲ್ಲಿ 'ಭಾಷಿಣಿ' ಶುರು ಮಾಡಿತು.

ಆದರೆ ಸವಡಿ ಕನ್ನಡ ಬೇರೆ. ಮೊದಲ ಫಜೀತಿ 'ಹೆಸರು'! "ನಿಮ್ಮ ಹೆಸರು ಹೇಳಿ" ಎಂದರೆ ಜನ "ಹೆಸರು ನಾಕ್ ಎಕರೆ ಐತ್ರಿ" ಎನ್ನುತ್ತಿದ್ದರು. ಚೀಟಿಯಲ್ಲಿ ಗಿರಾಕಿ: ಹೆಸರು. ಬೆಳೆ: ತಿಳಿಸಿಲ್ಲ. ಮನೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು.

ನಗು ಬಹಳ ದಿನ ಉಳಿಯಲಿಲ್ಲ. ಓಣಿಯ ಹಿರಿಯರೊಬ್ಬರು "ನಾಳಿ ಆದ್ರ ಛಲೋ, ಇಲ್ಲಂದ್ರ ನಾಡದ" ಎಂದಿದ್ದಾರೆ. ಯಂತ್ರ "ನಾಳೆ ಬೆಳಿಗ್ಗೆ ಬರುತ್ತೇವೆ" ಎಂದುಬಿಟ್ಟಿದೆ. ನಾಳೆಗೆ ನಾನು ಬೇರೆ ಹೊಲ ಒಪ್ಪಿಕೊಂಡಾಗಿತ್ತು. ಚೀಟಿ ನೋಡಿದ್ದೂ ತಡ. ನಮ್ಮನ್ನು ನಂಬಿ ಅವರು ಇನ್ನೊಂದು ಮಷೀನ್ ಬೇಡವೆಂದಿದ್ದರು. ಮರುದಿನ ರಾತ್ರಿ ಮಳೆ. ಅರ್ಧ ಗುಂಪಿ ನೆನೆಯಿತು.

"ಮಾತ ಕೊಟ್ಟಾಂವ ನೀನೋ, ನಿನ್ನ ಮಷೀನೋ?" ಎಂದು ಕೇಳಿದರು. ಏನು ಹೇಳಲಿ? ಬಾಡಿಗೆ ಬಿಟ್ಟೆ. ಕಾಳಿನ ಬಣ್ಣ ತಿರುಗಿ ಬರಲಿಲ್ಲ.

ಅಂದಿನಿಂದ ಅದು ದಿನ, ದರ ಎರಡನ್ನೂ ಹೇಳುವಂತಿಲ್ಲ. ಎತ್ತಿದ ಕೂಡಲೇ "ಇದು ಯಂತ್ರ ಮಾತಾಡುವುದು, ಮಾಲಕರು ರಾತ್ರಿ ಎಂಟಕ್ಕೆ ಫೋನ್ ಮಾಡುತ್ತಾರೆ" ಅನ್ನಬೇಕು. ಆಮೇಲೆ ಯಾರು ಮಾತಾಡೋದು, ಯಾವ ಬೆಳೆ, ಎಷ್ಟು ಎಕರೆ, ಹೊಲ ಯಾವ ದಾರಿಗೆ - ಇಷ್ಟೇ. ದಿನ ಗೊತ್ತು ಮಾಡುವುದು ನಾನೇ, ನನ್ನ ಬಾಯಿಂದಲೇ. ಕರೆ ಕೈತಪ್ಪುವುದು ಅರ್ಧಕ್ಕರ್ಧ ಕಡಿಮೆಯಾಗಿದೆ.

ಇನ್ನೊಂದು ಮಾತು. ಹುಳಕ್ಕೆ ಏನು ಹೊಡೀಲಿ ಎಂದು ಯಾರೋ ಕೇಳಿದರೆ ಇದು ಔಷಧಿಯನ್ನೂ ಹೇಳಲು ಹೊರಟಿತ್ತು! ಅದನ್ನೂ ಬಂದ್ ಮಾಡಿಸಿದೆ. ಅಂಥ ಪ್ರಶ್ನೆಗೆ 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರ್ ಇದೆ, 1800-180-1551. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಕೇಳಬಹುದು.

ಕಡಲೆ ರಾಶಿಗೂ ಇದನ್ನೇ ಇಟ್ಟುಕೊಂಡೆ. ಆಗ ಮಳೆಯ ಅಂಜಿಕೆ ಅಷ್ಟಿಲ್ಲ. ಆ ಹಿರಿಯರು ಮಾತ್ರ ಈಗ ಫೋನ್ ಮಾಡುವುದಿಲ್ಲ. ಬೆಳಗಿನ ಐದಕ್ಕೇ ಬಂದು ನಮ್ಮ ಕಟ್ಟೆಯ ಮೇಲೆ ಕೂಡುತ್ತಾರೆ.