ಯಳಂದೂರಿನ ಬಳೆಮಂಟಪವೂ ವಸ್ತುಸಂಗ್ರಹಾಲಯವೂ

1807ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ದಿವಾನ್ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದತ್ತವಾಯಿತು. ಅಲ್ಲಿಯ ಜಹಗೀರ್ದಾರರ ಬಂಗಲೆಯೇ ಈಗ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯವಾಗಿರುವುದು.

ಅದೇ ಊರಿನ ಗೌರೀಶ್ವರ ದೇವಾಲಯವನ್ನು ಹದಿನಾಡಿನ ಪಾಳೆಯಗಾರನಾದ ಸಿಂಗದೇಪನು ಕ್ರಿ. ಶ. 1500ರ ಸುಮಾರಿಗೆ ಕಟ್ಟಿಸಿದನು. ಅದರ ಮಹಾದ್ವಾರವು 1654-55ರಲ್ಲಿ ಮುದ್ದರಾಜನಿಂದ ನಿರ್ಮಿತವಾದುದು. ಏಕಶಿಲೆಯಲ್ಲಿ ಕಡೆದ ಬಳೆಗಳ ಸರಪಳಿಗಳಿಂದಲೇ ಅದಕ್ಕೆ ಬಳೆಮಂಟಪವೆಂಬ ಹೆಸರು ಬಂದಿತು.

ಇಂತಹ ಬಳೆಯೊಂದನ್ನು ಬಿಡಿಯಾಗಿ ಸಂಗ್ರಹಾಲಯದಲ್ಲಿರಿಸಿದರೆ ಉಳಿಯ ಚಾತುರ್ಯವು ತೋರೀತು. ಒಂದರೊಳಗೊಂದು ಸಿಲುಕಿ ತೂಗುವ ಬಗೆಯೂ ಮಂಟಪದ ಹೆಸರಿನ ಕಾರಣವೂ ತೋರಲಾರವು. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವದಲ್ಲಿ ಪೂರ್ವಕವಿಗಳ ಪದ್ಯಗಳನ್ನು ಸಂಕಲಿಸಿ ಮಹೋಪಕಾರವನ್ನೆಸಗಿದನು. ಆದರೆ ಕರ್ತೃಗಳ ಹೆಸರನ್ನು ಹೇಳದೆ ಹೋದುದರಿಂದ ಆಕರಗಳನ್ನು ಹುಡುಕುವ ಶ್ರಮವು ವಿದ್ವಾಂಸರ ಪಾಲಿಗುಳಿಯಿತು. ಶಿಲ್ಪಸಂಗ್ರಹಕ್ಕೂ ಇದೇ ನ್ಯಾಯವು ಸಲ್ಲುವುದು.

ಆದುದರಿಂದ ನೆಲೆಯಲ್ಲಿ ನಿಂತಿರುವುದನ್ನು ನೆಲೆಯಲ್ಲಿಯೇ ಕಾಪಾಡತಕ್ಕದ್ದು. ನೆಲೆ ತಪ್ಪಿದ ವೀರಗಲ್ಲನ್ನಾಗಲಿ ವಿಗ್ರಹವನ್ನಾಗಲಿ ಒಳಗೆ ತರುವಾಗ ಅದು ದೊರೆತ ಊರು, ಸ್ಥಳ, ಅದು ಮೊಗಮಾಡಿದ್ದ ದಿಕ್ಕು ಇವಿಷ್ಟನ್ನೂ ಅದರ ಬಳಿಯಲ್ಲಿಯೇ ಬರೆದಿಡತಕ್ಕದ್ದು. ಇಲ್ಲವಾದರೆ ಕಲ್ಲು ಉಳಿದೂ ಚರಿತ್ರೆಯು ಅಳಿಯುವುದು.